ಹೊಸ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸ್: ಮಲೆನಾಡಿನ ಮಂಡಿ ಮತ್ತು ಮುದ್ರಣಾಲಯಗಳಿಗಾಗಿ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಹಲವು ಅಡಿಕೆ ಮಂಡಿಗಳಲ್ಲಿಯೂ ಲಗ್ನಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯಗಳಲ್ಲಿಯೂ ವಿಂಡೋಸ್ ಎಕ್ಸ್‌ಪಿ ಇವತ್ತಿಗೂ ಕೆಲಸ ಮಾಡುತ್ತಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ದರ್ಜೆವಾರು ತೂಕ, ದರ, ಕಮಿಷನ್ ಲೆಕ್ಕ ಹಾಕುವಂತೆ ಯಾರೋ ಬರೆದುಕೊಟ್ಟ ಸಾಫ್ಟ್‌ವೇರ್ ಅದರಲ್ಲಿದೆ. ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿ, ನುಡಿ ಅಥವಾ ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಅಕ್ಷರಗಳಿಂದ ಜೋಡಿಸಿಟ್ಟ ವರ್ಷಗಟ್ಟಲೆಯ ಕಡತಗಳು ಅದರಲ್ಲಿವೆ. ಒಂದು ಸಿಡಿಲಿಗೋ ವೋಲ್ಟೇಜ್ ಏರಿಳಿತಕ್ಕೋ ಆ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋದಾಗ ಅಂಗಡಿಯಿಂದ ಬರುವುದು ವಿಂಡೋಸ್ 11 ಇರುವ ಹೊಸ ಯಂತ್ರ. ಹಳೆಯ ಸಿ.ಡಿ. ಹಾಕಿ ಅದರಲ್ಲಿ ಎಕ್ಸ್‌ಪಿ ಸ್ಥಾಪಿಸಲು ಹೊರಟರೆ ನೀಲಿ ಪರದೆ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇಂಥ ಸಂದರ್ಭದಲ್ಲಿ ನಮಗೆ ನಿಜವಾಗಿ ಬೇಕಾಗಿರುವುದು ಹಳೆಯ ವಿಂಡೋಸ್ ಅಲ್ಲ, ಅದರೊಳಗೆ ನಡೆಯುವ ಒಂದೋ ಎರಡೋ ಪ್ರೋಗ್ರಾಂ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಆ ಪ್ರೋಗ್ರಾಂ ನಡೆಯಲು ಎಷ್ಟು ಹಳೆಯ ವಾತಾವರಣ ಬೇಕೋ ಅಷ್ಟನ್ನು ಮಾತ್ರ ಉಳಿಸಿಕೊಂಡು, ಉಳಿದ ಕಂಪ್ಯೂಟರನ್ನು ಇಂದಿನ ಸುರಕ್ಷಿತ ವ್ಯವಸ್ಥೆಯಲ್ಲಿಯೇ ಇಟ್ಟುಕೊಳ್ಳುವುದು ಸರಿಯಾದ ದಾರಿ. ಕೆಳಗಿನ ಹೆಜ್ಜೆಗಳೆಲ್ಲ ಈ ಒಂದು ನಿಲುವಿನಿಂದಲೇ ಹೊರಟಿವೆ.

ಹೊಸ ಯಂತ್ರ ಹಳೆಯ ವಿಂಡೋಸನ್ನು ಏಕೆ ಒಪ್ಪುವುದಿಲ್ಲ

ಎಕ್ಸ್‌ಪಿ ಬಿಡುಗಡೆಯಾದದ್ದು 2001ರ ಅಕ್ಟೋಬರ್ 25ರಂದು. ಅಂದಿನ ಹಾರ್ಡ್ ಡಿಸ್ಕುಗಳು ಐಡಿಇ ಪದ್ಧತಿಯವು. ಇಂದಿನ ಸಾಟಾ ಡಿಸ್ಕುಗಳು ಎಎಚ್‌ಸಿಐ ಎಂಬ ಪದ್ಧತಿಯಲ್ಲಿ ಮಾತನಾಡುತ್ತವೆ. ಅದಕ್ಕೆ ಬೇಕಾದ ಡ್ರೈವರ್, ಅಂದರೆ ಯಂತ್ರಾಂಶದೊಡನೆ ವಿಂಡೋಸ್ ಮಾತನಾಡಲು ಬೇಕಾದ ಸಣ್ಣ ತಂತ್ರಾಂಶ, ಎಕ್ಸ್‌ಪಿಯ ಸಿ.ಡಿ.ಯಲ್ಲಿ ಇಲ್ಲ. ಸ್ಥಾಪನೆಯ ಆರಂಭದಲ್ಲಿಯೇ ಡಿಸ್ಕ್ ಕಾಣದೆ, 7ಬಿ ಎಂದು ಕೊನೆಗೊಳ್ಳುವ ದೋಷಸಂಖ್ಯೆಯ ನೀಲಿ ಪರದೆ ಬರುವುದು ಇದರಿಂದ. ಇನ್ನೂ ಹೊಸದಾದ ಎನ್‌ವಿಎಂಇ ಪದ್ಧತಿಯ ಎಸ್‌ಎಸ್‌ಡಿ ಡಿಸ್ಕುಗಳ ವಿಷಯದಲ್ಲಿ ವಿಂಡೋಸ್ 7ಕ್ಕೂ ಇದೇ ಕಷ್ಟವಿದ್ದು, ಅದಕ್ಕಾಗಿ ಮೈಕ್ರೋಸಾಫ್ಟ್ ಆಮೇಲೆ ಪ್ರತ್ಯೇಕ ತಿದ್ದುಪಡಿಯನ್ನು ಕೊಡಬೇಕಾಯಿತು.

ಎರಡನೆಯ ತೊಡಕು ಯಂತ್ರ ಚಾಲೂ ಆಗುವ ಕ್ರಮದಲ್ಲಿದೆ. ಯಂತ್ರವನ್ನು ಮೊದಲಿಗೆ ಚಾಲೂ ಮಾಡುವ, ಮದರ್‌ಬೋರ್ಡಿನಲ್ಲಿಯೇ ಇರುವ ತಂತ್ರಾಂಶ ಹಿಂದೆ ಬಯಾಸ್ ಆಗಿತ್ತು; ಅದರ ಜಾಗಕ್ಕೆ ಈಗ ಯುಇಎಫ್‌ಐ ಬಂದಿದೆ, ಮತ್ತು ಎಕ್ಸ್‌ಪಿಗೆ ಅದರಿಂದ ಚಾಲೂ ಆಗಲು ಬಾರದು. ಕೆಲವು ಕಾಲ ಮದರ್‌ಬೋರ್ಡುಗಳಲ್ಲಿ ಸಿಎಸ್‌ಎಂ ಎಂಬ ಹೆಸರಿನಲ್ಲಿ ಹಳೆಯ ಬಯಾಸ್‌ನ ನಡವಳಿಕೆಯನ್ನು ಅನುಕರಿಸುವ ಸೌಲಭ್ಯ ಉಳಿದಿತ್ತು. 2020ರ ಹೊತ್ತಿಗೆ ಅದನ್ನು ಕೈಬಿಡುವುದಾಗಿ ಇಂಟೆಲ್ 2017ರಲ್ಲಿ ಪ್ರಕಟಿಸಿತು, ಆದುದರಿಂದ ಇತ್ತೀಚಿನ ಅನೇಕ ಯಂತ್ರಗಳಲ್ಲಿ ಆ ಆಯ್ಕೆಯೇ ಕಾಣಿಸುವುದಿಲ್ಲ. ಮೂರನೆಯದು ಯುಎಸ್‌ಬಿ. 2015ರಲ್ಲಿ ಬಂದ ಇಂಟೆಲ್‌ನ ಆರನೆಯ ತಲೆಮಾರಿನಿಂದ ಹಳೆಯ ಯುಎಸ್‌ಬಿ 2.0 ನಿಯಂತ್ರಕ ಹೋಗಿ ಹೊಸ ಎಕ್ಸ್‌ಎಚ್‌ಸಿಐ ಮಾತ್ರ ಉಳಿಯಿತು. ವಿಂಡೋಸ್ 7ರ ಮೂಲ ಡಿಸ್ಕಿನಲ್ಲಿ ಅದರ ಡ್ರೈವರ್ ಇಲ್ಲದ ಕಾರಣ ಸ್ಥಾಪನೆಯ ಮೊದಲ ಪರದೆಯಲ್ಲಿಯೇ ಕೀಬೋರ್ಡು, ಮೌಸ್ ಎರಡೂ ಕೆಲಸ ನಿಲ್ಲಿಸುತ್ತವೆ. ಇನ್ನು ಗ್ರಾಫಿಕ್ಸ್: ಎಕ್ಸ್‌ಪಿಗೆ ಇಂಟೆಲ್ ಡ್ರೈವರ್ ಕೊಟ್ಟದ್ದು 2012ರ ಮೂರನೆಯ ತಲೆಮಾರಿನ ಪ್ರೊಸೆಸರ್‌ಗಳ ವರೆಗೆ ಮಾತ್ರ. ಮೆಮೊರಿಯ ಮಿತಿಯೂ ಇದೆ; 32 ಬಿಟ್ ಎಕ್ಸ್‌ಪಿ 4 ಜಿಬಿಗಿಂತ ಹೆಚ್ಚಿನದನ್ನು ಬಳಸಲಾರದು, ವಾಸ್ತವದಲ್ಲಿ ಅದಕ್ಕೆ ಸಿಗುವುದು ಮೂರೂಕಾಲು ಜಿಬಿಯ ಆಸುಪಾಸು.

ಇಷ್ಟು ತೊಡಕುಗಳನ್ನು ಒಂದೊಂದಾಗಿ ದಾಟಿದರೂ ಕೈಗೆ ಸಿಗುವುದು 2014ರ ಏಪ್ರಿಲ್ 8ರಿಂದ ಭದ್ರತಾ ತಿದ್ದುಪಡಿ ನಿಂತುಹೋಗಿರುವ ವ್ಯವಸ್ಥೆ.

ದಾರಿಯನ್ನು ಆಯ್ದುಕೊಳ್ಳುವುದು

ನಿಮ್ಮ ಪ್ರೋಗ್ರಾಂ ಕಪ್ಪು ಪರದೆಯ ಮೇಲೆ ನಡೆಯುವ ಡಾಸ್ ಕಾಲದ್ದಾದರೆ, ಎಕ್ಸ್‌ಪಿಯ ಅಗತ್ಯವೇ ಇಲ್ಲದಿರಬಹುದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ನಡೆಸುವುದಿಲ್ಲ, ವಿಂಡೋಸ್ 11 ಇರುವುದೇ 64 ಬಿಟ್‌ನಲ್ಲಿ. ಆದರೆ ಡಾಸ್‌ಬಾಕ್ಸ್ ಎಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಫಾಕ್ಸ್‌ಪ್ರೊ ಎಂಬ ಹಳೆಯ ದತ್ತಾಂಶ ತಂತ್ರಾಂಶದಲ್ಲಿ ಬರೆದ ಲೆಕ್ಕದ ಪ್ರೋಗ್ರಾಂಗಳನ್ನು ನಡೆಸಬಹುದು, ಮುದ್ರಣಕ್ಕೂ ಅದರಲ್ಲಿ ವ್ಯವಸ್ಥೆಯಿದೆ. ಪ್ರೋಗ್ರಾಂ 32 ಬಿಟ್ ವಿಂಡೋಸಿನದಾದರೆ, ಅದನ್ನು ನೇರವಾಗಿ ವಿಂಡೋಸ್ 11ರಲ್ಲಿಯೇ ಹಾಕಿ, ಅದರ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಎಂಬಲ್ಲಿ ಎಕ್ಸ್‌ಪಿ ಆಯ್ದು ಒಮ್ಮೆ ನೋಡಿ. ಅರ್ಧ ಗಂಟೆಯ ಈ ಪ್ರಯತ್ನವನ್ನು ಬಿಟ್ಟು ನೇರವಾಗಿ ದೊಡ್ಡ ಕೆಲಸಕ್ಕೆ ಕೈಹಾಕಬಾರದು.

ಇದಾವುದೂ ಫಲಿಸದಿದ್ದರೆ ವರ್ಚುವಲ್ ಮಷೀನ್, ಅಂದರೆ ವಿಂಡೋಸ್ 11ರ ಒಂದು ಕಿಟಕಿಯೊಳಗೆ ನಡೆಯುವ ಪೂರ್ಣ ಎಕ್ಸ್‌ಪಿ, ಹೆಚ್ಚಿನವರಿಗೆ ಸರಿಹೋಗುತ್ತದೆ. ಹೊಸ ಯಂತ್ರದ ಯಂತ್ರಾಂಶವನ್ನು ಎಕ್ಸ್‌ಪಿ ನೋಡುವುದೇ ಇಲ್ಲ. ಇಂಥ ಮಷೀನ್ ಕಟ್ಟಿಕೊಡುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಅದಕ್ಕೆ ಐಡಿಇ ಡಿಸ್ಕು, ಹಳೆಯ ಮಾದರಿಯ ನೆಟ್‌ವರ್ಕ್ ಕಾರ್ಡು ಇರುವ ಯಂತ್ರವೊಂದನ್ನು ತೋರಿಸುತ್ತದೆ. ಆದ್ದರಿಂದ ಮೇಲೆ ಹೇಳಿದ ತೊಡಕುಗಳಾವುವೂ ಇಲ್ಲಿ ಎದುರಾಗುವುದಿಲ್ಲ, ಸೆಕ್ಯೂರ್ ಬೂಟ್ ಎಂಬ, ಯಂತ್ರ ಚಾಲೂ ಆಗುವಾಗಿನ ಭದ್ರತಾ ತಪಾಸಣೆಯನ್ನು ತೆಗೆಯುವ ಪ್ರಮೇಯವೂ ಬರುವುದಿಲ್ಲ. ನೇರವಾಗಿ ಯಂತ್ರದ ಮೇಲೆಯೇ ಎಕ್ಸ್‌ಪಿ ಸ್ಥಾಪಿಸುವುದು, ವಿಶೇಷ ಕಾರ್ಡು ಅಥವಾ ಉಪಕರಣವೊಂದು ಅದನ್ನೇ ಕೇಳಿದಾಗ ಮಾತ್ರ.

ಮೊದಲು ಹಳೆಯದನ್ನು ಕಾಪಾಡಿಕೊಳ್ಳಿ

ಹೊಸದರ ಪೆಟ್ಟಿಗೆ ಬಿಚ್ಚುವ ಮೊದಲು ಹಳೆಯ ಸಿ.ಡಿ.ಗಳನ್ನು ಬೆಳಕಿಗೆ ಹಿಡಿದು ನೋಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ತೇವದಲ್ಲಿ ಮರದ ಬೀರುವಿನಲ್ಲಿಟ್ಟ ಸಿ.ಡಿ.ಗಳ ಮೇಲೆ ಮಸುಕಾದ ಚುಕ್ಕೆಗಳಾಗಿ ಬೂಸ್ಟು ಹಿಡಿದಿರುತ್ತದೆ. ಮೆತ್ತಗಿನ ಒಣ ಬಟ್ಟೆಯಿಂದ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುಗಿಸಿ ಒರೆಸಬಾರದು. ಗೀರು ಸುತ್ತಿನ ಗುಂಟ ಬಿದ್ದರೆ ಡ್ರೈವ್ ಅದನ್ನು ಸರಿಪಡಿಸಿಕೊಂಡು ಓದಲಾರದು. ಓದಲು ಬಂದ ಪ್ರತಿ ಸಿ.ಡಿ.ಯನ್ನೂ, ಎಕ್ಸ್‌ಪಿಯದಾಗಲಿ ಪೇಜ್‌ಮೇಕರಿನದಾಗಲಿ ನುಡಿಯದಾಗಲಿ, ಕೂಡಲೇ ಐಎಸ್‌ಒ ಕಡತವಾಗಿ, ಅಂದರೆ ಇಡೀ ಸಿ.ಡಿ.ಯ ಒಂದೇ ಕಡತದ ನಕಲಾಗಿ, ಮಾಡಿ ಎರಡು ಕಡೆ ಇಡಿ. ಎಕ್ಸ್‌ಪಿಯ ಕೊನೆಯ ದೊಡ್ಡ ತಿದ್ದುಪಡಿಯಾದ ಸರ್ವೀಸ್ ಪ್ಯಾಕ್ 3 ಇರುವ ಸಿ.ಡಿ. ಸಿಕ್ಕರೆ ಉತ್ತಮ. ಉತ್ಪನ್ನ ಕೀಲಿಯ ಚೀಟಿ ಹಳೆಯ ಕಂಪ್ಯೂಟರಿನ ಸಿಪಿಯು ಡಬ್ಬಿಯ ಪಕ್ಕಕ್ಕೆ ಅಂಟಿಸಿರುತ್ತದೆ, ಅದರ ಫೋಟೋ ತೆಗೆದುಕೊಳ್ಳಿ. ಯಂತ್ರದ ಜೊತೆಗೇ ಬಂದ ಪರವಾನಗಿ ಆ ಯಂತ್ರಕ್ಕೆ ಮಾತ್ರ ಸೀಮಿತ, ಪ್ರತ್ಯೇಕವಾಗಿ ಕೊಂಡ ಪರವಾನಗಿಯನ್ನು ಮಾತ್ರ ಬೇರೆ ಯಂತ್ರಕ್ಕೆ ಒಯ್ಯಬಹುದು ಎಂಬುದನ್ನೂ ಈಗಲೇ ನೋಡಿಕೊಳ್ಳುವುದು ಒಳ್ಳೆಯದು.

ಹಳೆಯ ಕಂಪ್ಯೂಟರು ಇನ್ನೂ ಚಾಲೂ ಆಗುವಂತಿದ್ದರೆ ಈ ವಿವರಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಲೆಕ್ಕದ ಪ್ರೋಗ್ರಾಂ ಇರುವ ಫೋಲ್ಡರಿನ ಪೂರ್ಣ ವಿಳಾಸ, ಮುದ್ರಕದ ಹೆಸರು ಮತ್ತು ಕಾಗದದ ಅಳತೆ, ತೂಕದ ಯಂತ್ರ ಯಾವ ಕಾಮ್ (ಸೀರಿಯಲ್) ಪೋರ್ಟಿನಲ್ಲಿ ಎಷ್ಟು ವೇಗದಲ್ಲಿ ಸೇರಿಕೊಂಡಿದೆ ಎಂಬುದು, ಮತ್ತು ಕಂಟ್ರೋಲ್ ಪ್ಯಾನೆಲಿನಲ್ಲಿ ದಿನಾಂಕ ಬರೆಯುವ ಕ್ರಮ. ಕೊನೆಯದು ಸಣ್ಣದೆಂದು ತೋರಿದರೂ, ದಿನ-ತಿಂಗಳು-ವರ್ಷದ ಕ್ರಮಕ್ಕೆ ಹೊಂದಿಕೊಂಡ ಪ್ರೋಗ್ರಾಂ ಅಮೆರಿಕದ ಕ್ರಮದಲ್ಲಿ ನಡೆದರೆ ಮಾರ್ಚ್ 4ರ ಬಿಲ್ಲು ಏಪ್ರಿಲ್ 3ರ ಲೆಕ್ಕಕ್ಕೆ ಹೋಗಿ ಆರ್ಥಿಕ ವರ್ಷವೇ ಬದಲಾಗುತ್ತದೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳಿ. ಹಳೆಯ ನುಡಿ, ಶ್ರೀಲಿಪಿ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂದಿನ ಸಾರ್ವತ್ರಿಕ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಇರುವುದಿಲ್ಲ. ಅದೇ ಫಾಂಟ್ ಇಲ್ಲದೆ ಕಡತ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ.

ವರ್ಚುವಲ್ ಮಷೀನ್ ಕಟ್ಟುವ ಕ್ರಮ

ಹೊಸ ಯಂತ್ರದ ಬಯಾಸ್ (ಯುಇಎಫ್‌ಐ) ಸೆಟ್ಟಿಂಗಿಗೆ ಹೋಗಿ ವರ್ಚುವಲೈಸೇಶನ್ ಚಾಲೂ ಇದೆಯೇ ಎಂದು ನೋಡಿ. ಇಂಟೆಲ್ ಬೋರ್ಡುಗಳಲ್ಲಿ ಅದು ವಿಟಿ-ಎಕ್ಸ್ ಅಥವಾ ವರ್ಚುವಲೈಸೇಶನ್ ಟೆಕ್ನಾಲಜಿ ಎಂದೂ, ಎಎಂಡಿ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎಸ್‌ವಿಎಂ ಎಂದೂ ಇರುತ್ತದೆ. ಆಮೇಲೆ ವರ್ಚುವಲ್‌ಬಾಕ್ಸನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿ ಸ್ಥಾಪಿಸಿ.

ಹೊಸ ಮಷೀನ್ ಮಾಡುವಾಗ ಬಗೆ ವಿಂಡೋಸ್ ಎಕ್ಸ್‌ಪಿ 32 ಬಿಟ್ ಎಂದು ಆಯ್ದುಕೊಂಡು, 1024 ಎಂಬಿ ಮೆಮೊರಿ, ಒಂದೇ ಪ್ರೊಸೆಸರ್, 20 ಜಿಬಿ ಡಿಸ್ಕ್ ಕೊಡಿ. ಹೊಸ ಯಂತ್ರದಲ್ಲಿ 16 ಜಿಬಿ ಇದೆಯೆಂದು ಎಕ್ಸ್‌ಪಿಗೆ ಹೆಚ್ಚು ಮೆಮೊರಿ ಕೊಡುವುದರಿಂದ ಪ್ರಯೋಜನವಿಲ್ಲ. ಡಿಸ್ಕಿನ ನಿಯಂತ್ರಕ ಐಡಿಇ ಆಗಿಯೇ ಇರಲಿ, ಸಾಟಾಕ್ಕೆ ಬದಲಿಸಬೇಡಿ. ಯುಎಸ್‌ಬಿ ಆಯ್ಕೆಯಲ್ಲಿ 2.0 ಇರಲಿ, ಏಕೆಂದರೆ 3.0ಕ್ಕೆ ಎಕ್ಸ್‌ಪಿಯಲ್ಲಿ ಡ್ರೈವರ್ ಇಲ್ಲ. ನೆಟ್‌ವರ್ಕ್ ಎಂಬಲ್ಲಿ ನಾಟ್ ಅಟ್ಯಾಚ್ಡ್ ಎಂದು ಆರಿಸಿ. ಇದು ತಾತ್ಕಾಲಿಕವಲ್ಲ, ಮುಂದೆಯೂ ಹೀಗೆಯೇ ಇರಬೇಕು.

ಐಎಸ್‌ಒ ಕಡತವನ್ನು ವರ್ಚುವಲ್ ಸಿ.ಡಿ. ಡ್ರೈವಿಗೆ ಸೇರಿಸಿ ಮಷೀನನ್ನು ಚಾಲೂ ಮಾಡಿದರೆ ಎಕ್ಸ್‌ಪಿಯ ಪರಿಚಿತ ನೀಲಿ ಸ್ಥಾಪನಾ ಪರದೆ ಬರುತ್ತದೆ. ಸ್ಥಾಪನೆ ಮುಗಿದ ಮೇಲೆ ಡಿವೈಸಸ್ ಮೆನುವಿನಿಂದ ಗೆಸ್ಟ್ ಅಡಿಷನ್ಸ್ ಹಾಕಿ; ಪರದೆಯ ಅಳತೆ ಹೊಂದಿಕೊಳ್ಳುವುದು, ಒಳಗಿನ ಎಕ್ಸ್‌ಪಿಗೂ ಹೊರಗಿನ ವಿಂಡೋಸಿಗೂ ನಡುವೆ ಹಂಚಿಕೆಯ ಫೋಲ್ಡರ್ ಸಿಗುವುದು ಇದರಿಂದಲೇ. ನೆಟ್‌ವರ್ಕ್ ಕಡಿದಿದ್ದರೂ ಈ ಫೋಲ್ಡರ್ ಕೆಲಸ ಮಾಡುತ್ತದೆ. ಎಕ್ಸ್‌ಪಿ 30 ದಿನಗಳೊಳಗೆ ಆಕ್ಟಿವೇಶನ್, ಅಂದರೆ ಮೈಕ್ರೋಸಾಫ್ಟಿನಿಂದ ಪರವಾನಗಿಯ ದೃಢೀಕರಣ, ಕೇಳುವುದರಿಂದ ಪರವಾನಗಿಯ ಕೆಲಸವನ್ನು ಕೊನೆಗೆಂದು ತಳ್ಳಬೇಡಿ. ಇಷ್ಟಾದ ಮೇಲೆ, ಯಾವ ಪ್ರೋಗ್ರಾಮನ್ನೂ ಹಾಕುವ ಮೊದಲು ಒಂದು ಸ್ನ್ಯಾಪ್‌ಶಾಟ್, ಅಂದರೆ ಮಷೀನಿನ ಆ ಕ್ಷಣದ ಸ್ಥಿತಿಯ ದಾಖಲೆ, ತೆಗೆದಿಡಿ. ಮುಂದೆ ಯಾವುದಾದರೂ ಡ್ರೈವರ್ ಕೈಕೊಟ್ಟರೆ ಇಲ್ಲಿಗೇ ಮರಳಬಹುದು.

ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ, ಹೊರಗಿನ ವಿಂಡೋಸಿನದೇ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಹೈಪರ್-ವಿ ಚಾಲೂ ಇದ್ದು ವರ್ಚುವಲ್‌ಬಾಕ್ಸ್ ಅದರ ಮೂಲಕ ನಿಧಾನವಾಗಿ ನಡೆಯುತ್ತಿದೆ ಎಂದರ್ಥ. ಮೆಮೊರಿ ಇಂಟೆಗ್ರಿಟಿ ಎಂಬ ಭದ್ರತಾ ಸೌಲಭ್ಯವೂ ಇದಕ್ಕೆ ಕಾರಣವಾಗುತ್ತದೆ. ಬಿಲ್ಲು ಬರೆಯುವ ಕೆಲಸಕ್ಕೆ ಆ ನಿಧಾನ ಅಡ್ಡಿಯಾಗದಿದ್ದರೆ ಭದ್ರತೆಯನ್ನು ಕಳಚುವುದಕ್ಕಿಂತ ಹಾಗೆಯೇ ಬಿಡುವುದು ಮೇಲು ಎಂದು ನನ್ನ ಅಭಿಪ್ರಾಯ.

ಪ್ರತಿದಿನ ಕುಳಿತು ಕೆಲಸ ಮಾಡುವವರ ಅನುಕೂಲವನ್ನೂ ಯೋಚಿಸಬೇಕು. ಈ ಮಷೀನಿಗೆ ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಮಾಡಿಕೊಟ್ಟು, ಬಲಗಡೆಯ ಕಂಟ್ರೋಲ್ ಕೀಲಿಯ ಜೊತೆ ಎಫ್ ಒತ್ತಿ ಪೂರ್ಣ ಪರದೆಗೆ ಬದಲಿಸಿದರೆ ಇಪ್ಪತ್ತು ವರ್ಷಗಳಿಂದ ಮಂಡಿಯ ಲೆಕ್ಕ ಬರೆಯುತ್ತಿರುವ ಗುಮಾಸ್ತರಿಗೆ ತಮ್ಮ ಹಳೆಯ ಪರದೆಯೇ ಸಿಗುತ್ತದೆ. ಹೊರಗಿನ ವಿಂಡೋಸಿನಲ್ಲಿಯೂ ನುಡಿ ಇದ್ದರೆ ಅದನ್ನು ನಿಲ್ಲಿಸಿಯೇ ಒಳಗೆ ಟೈಪ್ ಮಾಡಲು ಹೇಳಿ. ಒಂದೇ ಕೀಲಿಮಣೆಗೆ ಇಬ್ಬರು ಒಡೆಯರು ಬೇಡ.

ಸ್ಥಾಪನೆಯ ಸಿ.ಡಿ.ಯೇ ಇಲ್ಲದಿದ್ದರೆ

ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟವರು ಊರು ಬಿಟ್ಟಿರುತ್ತಾರೆ, ಸಿ.ಡಿ. ಎಲ್ಲಿಯೂ ಇರುವುದಿಲ್ಲ. ಆಗ ಹಳೆಯ ಡಿಸ್ಕನ್ನೇ ಇಡಿಯಾಗಿ ವರ್ಚುವಲ್ ಡಿಸ್ಕಾಗಿ ಮಾಡಿಕೊಳ್ಳಬೇಕು. ಹಳೆಯ ಯಂತ್ರ ಚಾಲೂ ಆಗುವಂತಿದ್ದರೆ, ಡಿಸ್ಕ್ ಬಿಚ್ಚುವ ಮೊದಲು ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ನಿಯಂತ್ರಕದ ಡ್ರೈವರನ್ನು ಪಟ್ಟಿಯಲ್ಲಿರುವ ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್ ಐಡಿಇ ಕಂಟ್ರೋಲರ್‌ಗೆ ಬದಲಿಸಿ, ಮತ್ತೆ ಚಾಲೂ ಮಾಡದೆ ಯಂತ್ರವನ್ನು ಬಂದ್ ಮಾಡಿ. ಈ ಒಂದು ಹೆಜ್ಜೆ ತಪ್ಪಿದರೆ ವರ್ಚುವಲ್ ಮಷೀನಿನಲ್ಲಿಯೂ ಅದೇ 7ಬಿ ನೀಲಿ ಪರದೆ ಬರುತ್ತದೆ.

ಬಿಚ್ಚಿದ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸ ಯಂತ್ರಕ್ಕೆ ಸೇರಿಸಿ. ಹಳೆಯ ಐಡಿಇ ಡಿಸ್ಕಾದರೆ ಅದಕ್ಕೆ ಪ್ರತ್ಯೇಕ ವಿದ್ಯುತ್ ಕೊಡುವ ಅಡಾಪ್ಟರೇ ಬೇಕು. ಫಾರ್ಮ್ಯಾಟ್ ಮಾಡಬೇಕೆ ಎಂದು ವಿಂಡೋಸ್ ಕೇಳಿದರೆ ಯಾವ ಕಾರಣಕ್ಕೂ ಒಪ್ಪಬೇಡಿ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಡಿಸ್ಕ್2ವಿಎಚ್‌ಡಿ ಎಂಬ ಸಣ್ಣ ಉಪಕರಣದಲ್ಲಿ ಆ ಡಿಸ್ಕಿನ ಭಾಗಗಳನ್ನು ಮಾತ್ರ ಗುರುತಿಸಿ, ವಿಎಚ್‌ಡಿಎಕ್ಸ್ ಎಂಬ ಗುರುತನ್ನು ತೆಗೆದು, ವಿಎಚ್‌ಡಿ ಕಡತವಾಗಿ ಉಳಿಸಿ. ಉಳಿಸುವ ಡಿಸ್ಕಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರಬೇಕು, ಏಕೆಂದರೆ ಎಫ್‌ಎಟಿ32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಆ ಕಡತವನ್ನು ಮೇಲೆ ಹೇಳಿದಂತೆ ಕಟ್ಟಿದ ಮಷೀನಿನ ಐಡಿಇ ನಿಯಂತ್ರಕಕ್ಕೆ ಸೇರಿಸಬಹುದು. ಹಳೆಯ ಯಂತ್ರದ ಪ್ರೊಸೆಸರ್ ಒಂದಕ್ಕಿಂತ ಹೆಚ್ಚು ಕೋರ್‌ಗಳದಾಗಿದ್ದರೆ ಮಷೀನಿನ ಸೆಟ್ಟಿಂಗಿನಲ್ಲಿ ಐ/ಒ ಎಪಿಐಸಿ ಗುರುತು ಹಾಕಿರಬೇಕು. ಯಂತ್ರಾಂಶ ಬದಲಾದದ್ದರಿಂದ ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳಬಹುದು. ಮೂಲ ಡಿಸ್ಕನ್ನು ಮಾತ್ರ ಅಳಿಸದೆ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ.

ಮುದ್ರಕ, ತೂಕದ ಯಂತ್ರ, ಡಾಂಗಲ್

ತೂಕದ ಯಂತ್ರ ಕಂಪ್ಯೂಟರಿಗೆ ಸೇರುವುದು ಸೀರಿಯಲ್ ಪೋರ್ಟಿನ ಮೂಲಕ, ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ತಂತಿಯನ್ನು ಹೊರಗಿನ ವಿಂಡೋಸಿನಲ್ಲಿ ಸ್ಥಾಪಿಸಿ, ಅದಕ್ಕೆ ಕಾಮ್3 ಎಂಬಂತಹ ಯಾವ ಸಂಖ್ಯೆ ಬಂದಿದೆಯೆಂದು ಡಿವೈಸ್ ಮ್ಯಾನೇಜರಿನಲ್ಲಿ ನೋಡಿ. ವರ್ಚುವಲ್‌ಬಾಕ್ಸಿನ ಸೀರಿಯಲ್ ಪೋರ್ಟ್ ಸೆಟ್ಟಿಂಗಿನಲ್ಲಿ ಹೋಸ್ಟ್ ಡಿವೈಸ್ ಎಂದು ಆಯ್ದು ಆ ಸಂಖ್ಯೆಯನ್ನು ಬರೆದರೆ ಒಳಗಿನ ಎಕ್ಸ್‌ಪಿಗೆ ಅದು ಸಾಧಾರಣ ಕಾಮ್1 ಆಗಿ ಕಾಣುತ್ತದೆ. ಯುಎಸ್‌ಬಿ ಸಾಧನವನ್ನೇ ಎಕ್ಸ್‌ಪಿಯೊಳಗೆ ಬಿಡುವುದಕ್ಕಿಂತ ಈ ದಾರಿ ಒಳ್ಳೆಯದು. ಹೊಸ ತಂತಿಗೆ ಎಕ್ಸ್‌ಪಿಯ ಡ್ರೈವರ್ ಹುಡುಕುವ ಕಷ್ಟ ತಪ್ಪುತ್ತದೆ. ಮೊದಲ ದಿನ ತೂಕದ ಯಂತ್ರದ ಅಂಕಿಯನ್ನೂ ಪರದೆಯ ಅಂಕಿಯನ್ನೂ ನಾಲ್ಕಾರು ಚೀಲಗಳಿಗೆ ಜೊತೆಯಾಗಿ ಓದಿ ತಾಳೆ ನೋಡಿಯೇ ಮುಂದುವರಿಯಿರಿ. ವೇಗದ ಅಥವಾ ಪ್ಯಾರಿಟಿಯ ಸೆಟ್ಟಿಂಗ್ ತಪ್ಪಿದ್ದರೆ ಅಂಕಿಗಳ ನಡುವೆ ಅಸಂಬದ್ಧ ಚಿಹ್ನೆಗಳು ಬರುತ್ತವೆ.

ಯುಎಸ್‌ಬಿ ಇರುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕವನ್ನು ವರ್ಚುವಲ್‌ಬಾಕ್ಸಿನ ಯುಎಸ್‌ಬಿ ಸೆಟ್ಟಿಂಗಿನಲ್ಲಿರುವ ಡಿವೈಸ್ ಫಿಲ್ಟರ್ ಮೂಲಕ ಎಕ್ಸ್‌ಪಿಗೆ ಒಪ್ಪಿಸಬಹುದು. ಒಪ್ಪಿಸಿರುವಷ್ಟು ಹೊತ್ತು ಹೊರಗಿನ ವಿಂಡೋಸಿಗೆ ಅದು ಸಿಗುವುದಿಲ್ಲ. ಪೇಜ್‌ಮೇಕರಿನವರಿಗೆ ಮುದ್ರಕವನ್ನು ಒಳಗೆ ತರುವ ಗೋಜೇ ಬೇಡ. ಪೋಸ್ಟ್‌ಸ್ಕ್ರಿಪ್ಟ್ ಕಡತವಾಗಿ ಮುದ್ರಿಸಿ, ಫಾಂಟುಗಳನ್ನು ಅದರೊಳಗೇ ಸೇರಿಸಿ, ಪೇಜ್‌ಮೇಕರ್ 7ರ ಜೊತೆ ಬರುವ ಡಿಸ್ಟಿಲರ್‌ನಿಂದ ಪಿಡಿಎಫ್ ಮಾಡಿ ಹಂಚಿಕೆಯ ಫೋಲ್ಡರಿಗೆ ಹಾಕಿದರೆ ಹೊರಗಿನಿಂದ ಯಾವ ಹೊಸ ಮುದ್ರಕದಲ್ಲಾದರೂ ತೆಗೆಯಬಹುದು. ತಂತ್ರಾಂಶ ನಡೆಯಲು ಕೀಲಿಯಂತೆ ಚುಚ್ಚಿಡಬೇಕಾದ ಡಾಂಗಲ್ ಯುಎಸ್‌ಬಿಯದಾದರೆ ಅದಕ್ಕೂ ಫಿಲ್ಟರ್ ಸಾಕು. ಪ್ಯಾರಲಲ್ ಪೋರ್ಟಿನ ಡಾಂಗಲ್ ಮಾತ್ರ ನಿಜವಾದ ಸಮಸ್ಯೆ. ಹಳೆಯ ತಂತ್ರಾಂಶಗಳು ಪೋರ್ಟನ್ನು 378 ಎಂಬ ನಿಗದಿತ ವಿಳಾಸದಲ್ಲಿ ಹುಡುಕುತ್ತವೆ, ಹೊಸ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳಿಗೆ ಸಾಮಾನ್ಯವಾಗಿ ಬೇರೆ ವಿಳಾಸ ಸಿಗುತ್ತದೆ. ತಯಾರಕರಿಂದ ಯುಎಸ್‌ಬಿ ಡಾಂಗಲ್ ಪಡೆಯಲು ಸಾಧ್ಯವೇ ಎಂದು ಮೊದಲು ವಿಚಾರಿಸಿ.

ನೆಟ್‌ವರ್ಕಿನಿಂದ ದೂರ ಇಡುವುದು

2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಕಂಪ್ಯೂಟರ್ ಹುಳು ಹಬ್ಬಿದಾಗ, ಬೆಂಬಲ ನಿಂತು ಮೂರು ವರ್ಷಗಳಾಗಿದ್ದರೂ ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ತುರ್ತು ತಿದ್ದುಪಡಿ ಕೊಟ್ಟಿತು. ಆ ಹುಳು ನುಸುಳಿದ್ದು ಕಡತ ಹಂಚಿಕೆಯ ಹಳೆಯ ಎಸ್‌ಎಂಬಿ 1 ಪದ್ಧತಿಯ ದೋಷದಿಂದ. ಎಕ್ಸ್‌ಪಿಗೆ ಗೊತ್ತಿರುವುದು ಅದೊಂದೇ ಪದ್ಧತಿ, ಇಂದಿನ ವಿಂಡೋಸಿನಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ. ಹಳೆಯ ಯಂತ್ರಕ್ಕೆ ಹೊಸದು ಕಾಣುತ್ತಿಲ್ಲವೆಂದು ಎಸ್‌ಎಂಬಿ 1 ಚಾಲೂ ಮಾಡಿಕೊಡುವ ರಿಪೇರಿಯವರ ಮಾತನ್ನು ದಯವಿಟ್ಟು ಒಪ್ಪಬೇಡಿ. ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಟಿಎಲ್‌ಎಸ್ 1.2 ಎಂಬ ಸುರಕ್ಷಿತ ಸಂಪರ್ಕದ ಪದ್ಧತಿ ಬಾರದ ಕಾರಣ ಇಂದಿನ ಬ್ಯಾಂಕು, ತೆರಿಗೆ ತಾಣಗಳು ಅದರಲ್ಲಿ ಹೇಗೂ ತೆರೆಯುವುದಿಲ್ಲ. ಆ ಕೆಲಸಗಳನ್ನು ಹೊರಗಿನ ವಿಂಡೋಸಿನಲ್ಲಿಯೇ ಮಾಡಿ, ಒಳಗಿನದಕ್ಕೆ ಇಂಟರ್ನೆಟ್ ಕೊಡಲೇಬೇಡಿ.

ನೇರ ಸ್ಥಾಪನೆ ಅನಿವಾರ್ಯವಾದರೆ

ಇದಕ್ಕೆ ಇವತ್ತಿನ ಹೊಸ ಯಂತ್ರ ಸಲ್ಲದು. ಎಕ್ಸ್‌ಪಿ ಬೇಕಾದರೆ ಇಂಟೆಲ್ ಮೂರನೆಯ ತಲೆಮಾರಿನ, ವಿಂಡೋಸ್ 7 ಬೇಕಾದರೆ ಆರನೆಯ ತಲೆಮಾರಿನ ವರೆಗಿನ ಬಳಸಿದ ಯಂತ್ರವನ್ನು ಹುಡುಕಿ ಕೊಳ್ಳುವುದು ಲೇಸು. ಬಯಾಸ್‌ನಲ್ಲಿ ಸಾಟಾ ಕ್ರಮವನ್ನು ಐಡಿಇಗೆ ಬದಲಿಸಿ. ಯುಇಎಫ್‌ಐ ಬೋರ್ಡಾದರೆ ಸೆಕ್ಯೂರ್ ಬೂಟ್ ತೆಗೆದು ಸಿಎಸ್‌ಎಂ ಚಾಲೂ ಮಾಡಿ. ಐಡಿಇ ಆಯ್ಕೆ ಇಲ್ಲದಿದ್ದರೆ ಎನ್‌ಲೈಟ್ ಎಂಬ ಉಪಕರಣದಿಂದ ಎಎಚ್‌ಸಿಐ ಡ್ರೈವರನ್ನು ಎಕ್ಸ್‌ಪಿಯ ಐಎಸ್‌ಒಗೆ ಸೇರಿಸಿಕೊಳ್ಳಬೇಕು. ಡಿಸ್ಕ್ 2 ಟಿಬಿಗಿಂತ ಚಿಕ್ಕದಿರಲಿ, ಅದರ ವಿಭಜನೆ ಎಂಬಿಆರ್ ಎಂಬ ಹಳೆಯ ಕ್ರಮದಲ್ಲಿರಲಿ. ಎಕ್ಸ್‌ಪಿ ತಾನೇ ವಿಭಾಗ ಮಾಡಿದರೆ ಅದು 63ನೆಯ ಸೆಕ್ಟರಿನಿಂದ ಆರಂಭವಾಗಿ ಎಸ್‌ಎಸ್‌ಡಿ ಮತ್ತು 4 ಕೆಬಿ ಸೆಕ್ಟರಿನ ಡಿಸ್ಕುಗಳ ಅಂಚಿಗೆ ಹೊಂದುವುದಿಲ್ಲ. ಆದ್ದರಿಂದ ಜಿಪಾರ್ಟೆಡ್ ಎಂಬ ವಿಭಜನಾ ಉಪಕರಣದಲ್ಲಿ 1 ಎಂಬಿಯಿಂದ ಆರಂಭವಾಗುವ ವಿಭಾಗವನ್ನು ಮೊದಲೇ ಮಾಡಿಟ್ಟು ಅದರಲ್ಲಿ ಸ್ಥಾಪಿಸಿ. ವಿಂಡೋಸ್ 7 ಹೋಮ್ ಬೇಸಿಕ್ ನಮ್ಮ ದೇಶದಲ್ಲಿ ಮಾರಾಟವಾದ ಆವೃತ್ತಿಗಳಲ್ಲೊಂದು. ಅದರ 64 ಬಿಟ್ ರೂಪವೂ 8 ಜಿಬಿಗಿಂತ ಹೆಚ್ಚಿನ ಮೆಮೊರಿ ಬಳಸುವುದಿಲ್ಲ ಎಂಬುದು ನೆನಪಿರಲಿ. ಆರನೆಯ ತಲೆಮಾರಿನಲ್ಲಿ ಅದನ್ನು ಹಾಕಲು ಮದರ್‌ಬೋರ್ಡ್ ತಯಾರಕರು ಕೊಟ್ಟಿರುವ ಯುಎಸ್‌ಬಿ ಡ್ರೈವರ್ ಸೇರಿಸುವ ಉಪಕರಣ ಬೇಕು, ಅಥವಾ ಪಿಎಸ್/2 ಕೀಬೋರ್ಡಿನಿಂದ ಸ್ಥಾಪನೆ ಮುಗಿಸಿ ಆಮೇಲೆ ಡ್ರೈವರ್ ಹಾಕಿಕೊಳ್ಳಬಹುದು.

ಬ್ಯಾಕಪ್, ಮತ್ತು ಲೆಕ್ಕವನ್ನು ಹೊರತರುವುದು

ಸ್ನ್ಯಾಪ್‌ಶಾಟ್ ಅದೇ ಡಿಸ್ಕಿನಲ್ಲಿ ಇರುವುದರಿಂದ ಅದು ಬ್ಯಾಕಪ್ ಆಗುವುದಿಲ್ಲ. ವಾರಕ್ಕೊಮ್ಮೆ ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿ ಮಷೀನಿನ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬಿಚ್ಚಿ ಬೇರೆ ಕಟ್ಟಡದಲ್ಲಿಡಿ. ಮುಂಗಾರಿಗೆ ಮುಂಚಿನ ಸಿಡಿಲಿಗೆ ಪ್ಲಗ್ಗಿನಲ್ಲಿರುವ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಯುಪಿಎಸ್ ಇಲ್ಲದೆ ಈ ವ್ಯವಸ್ಥೆಯನ್ನು ನಡೆಸಬಾರದು. ಫಾಕ್ಸ್‌ಪ್ರೊದ ಇಂಡೆಕ್ಸ್ ಕಡತಗಳು ಬರೆಯುತ್ತಿರುವಾಗ ಕರೆಂಟು ಹೋದರೆ ಕೆಟ್ಟು, ಮರುದಿನ ಬಿಲ್ಲುಗಳು ಹಿಂದುಮುಂದಾಗಿ ಕಾಣುತ್ತವೆ. ಪ್ರೋಗ್ರಾಮಿನ ರೀಇಂಡೆಕ್ಸ್ ಆಯ್ಕೆ ಎಲ್ಲಿದೆಯೆಂದು ಗುಮಾಸ್ತರಿಗೆ ತೋರಿಸಿಕೊಡಿ.

ಈ ವ್ಯವಸ್ಥೆ ನೆಟ್ಟಗೆ ನಡೆಯುತ್ತಿರುವಾಗಲೇ ದತ್ತಾಂಶವನ್ನು ಹೊರತರುವ ಕೆಲಸವೂ ನಡೆಯಬೇಕು. ಫಾಕ್ಸ್‌ಪ್ರೊದ ಡಿಬಿಎಫ್ ಕಡತಗಳು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನೇರವಾಗಿ ತೆರೆದುಕೊಳ್ಳುತ್ತವೆ. ಪ್ರತಿ ಮಾರ್ಚ್ 31ರ ಬಳಿಕ ಆ ವರ್ಷದ ಖಾತೆಗಳನ್ನು ಹೀಗೆ ತೆರೆದು ಹೊಸ ರೂಪದಲ್ಲಿ ಉಳಿಸಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಪಠ್ಯಕ್ಕೆ ಯೂನಿಕೋಡ್ ಪರಿವರ್ತಕಗಳಿವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ ತಿದ್ದಬೇಕು.

ಕೊನೆಯದಾಗಿ, ಬ್ಯಾಕಪ್ಪಿನ ನಕಲನ್ನು ವರ್ಚುವಲ್‌ಬಾಕ್ಸ್ ಇರುವ ಬೇರೊಂದು ಕಂಪ್ಯೂಟರಿಗೆ ಹಾಕಿ ಚಾಲೂ ಮಾಡಿ, ಕಳೆದ ವಾರದ ಯಾವುದಾದರೂ ಒಬ್ಬ ಬೆಳೆಗಾರರ ಖಾತೆ ತೆರೆದು, ಅವರಿಗೆ ಕೊಟ್ಟ ಪಟ್ಟಿಯ ಮೊತ್ತದೊಂದಿಗೆ ಪೈಸೆಯ ವರೆಗೆ ಹೊಂದುತ್ತದೆಯೇ ಎಂದು ನೋಡಿ. ಹೊಂದಿದ ಮೇಲೆ ಮಾತ್ರ ಹಳೆಯ ಯಂತ್ರವನ್ನು ಮೇಜಿನಿಂದ ಇಳಿಸಬಹುದು.